ಟೇಪಿಲ್ಲದ ಗೌಂಡಿ

ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಗೌಂಡಿ ಕೆಲಸಕ್ಕೆ ನಿಂತವನು ನಾನು. ಹಿರೇಹಡಗಲಿಯಿಂದ ಕೊಟ್ಟೂರಿನವರೆಗೆ ನಾನು ಕಟ್ಟಿದ ಮನೆಗಳ ಮೂಲೆಗೆ ಯಾರೂ ಬೆರಳು ತೋರಿಸಿಲ್ಲ. ಮಗಳೂ ಹಾಗೆಯೇ, ತರಗತಿಗೆ ಮೊದಲಿಗಳು. ಎಂಟನೇ ಕ್ಲಾಸಿನಲ್ಲಿ ಹೊಸ ನಮೂನೆಯ ಗಣಿತದ ಪತ್ರಿಕೆ ಬಂತು, ಅರ್ಧಕ್ಕರ್ಧ ಅಂಕ ಹೋದವು. ಸರ್ಕಾರಿ ಶಾಲೆ ಬಿಡಿಸಿ ಹರಪನಹಳ್ಳಿಯ ಖಾಸಗಿ ಶಾಲೆಗೆ ಹಾಕುವುದೆಂದು ನಿಶ್ಚಯಿಸಿ, ಶನಿವಾರ ಟಿಸಿ ಕೇಳಲು ಹೋದೆ.

"ಪಾಠದಾಗ ಇಲ್ಲದ್ದು ಕೇಳಿದ್ರ ಹುಡುಗಿ ಏನ್ ಬರೀಬೇಕ್ರಿ?" ಎಂದು ಕೇಳಿದೆ.

ಗಣಿತದ ಟೀಚರು ಪತ್ರಿಕೆಯನ್ನು ನನ್ನ ಮುಂದಿಟ್ಟರು. ಒಂದು ಪ್ರಶ್ನೆ ನನ್ನ ಕಸುಬಿನದೇ. ಗೌಂಡಿಯೊಬ್ಬ ಪಾಯದ ಮೂಲೆಯಿಂದ ಒಂದು ಬದಿಗೆ ಮೂರು ಅಡಿ, ಇನ್ನೊಂದಕ್ಕೆ ನಾಲ್ಕು ಅಡಿ ಗುರುತು ಹಾಕಿ, ಎರಡು ಗುರುತುಗಳ ನಡುವೆ ಐದು ಅಡಿ ಬಂದರೆ ಮೂಲೆ ಸರಿ ಎನ್ನುತ್ತಾನೆ. ಟೇಪು ಮರೆತ ದಿನ ಏನು ಮಾಡಬೇಕು?

"ಟೇಪಿಲ್ಲದವ ಎಂಥ ಗೌಂಡಿ ಬಿಡ್ರಿ" ಅಂದೆ.

"ಹಂಗಾರ ನಿಮಗೂ ಸೊನ್ನೀನ ನೋಡ್ರಿ ಮೇಸ್ತ್ರಿ" ಎಂದು ನಕ್ಕರು.

ಆಮೇಲೆ ತಿಳಿಸಿ ಹೇಳಿದರು. ಹಲವು ದೇಶಗಳ ಹದಿನೈದು ವರ್ಷದ ಮಕ್ಕಳಿಗೆ ಒಂದೇ ಪರೀಕ್ಷೆ ಇದೆಯಂತೆ. ಕಲಿತದ್ದನ್ನು ಬಳಸಲು ಬರುತ್ತದೆಯೇ ಎಂದು ನೋಡುವ ಪರೀಕ್ಷೆ. ಹಿಂದೊಮ್ಮೆ ನಮ್ಮ ದೇಶದ ಎರಡು ರಾಜ್ಯಗಳ ಮಕ್ಕಳೂ ಕೂತು ತೀರಾ ಕೆಳಗೆ ಉಳಿದರಂತೆ. ಮುಂದೆ ದೇಶ ಅದರಿಂದ ದೂರವೇ ಉಳಿಯಿತು. "ಆದ್ರ ಆ ಪೆಟ್ಟು ಮರ್ತಿಲ್ರಿ. ಬಾಯಿಪಾಠ ಕಡಿಮಿ ಮಾಡ್ರಿ ಅಂತ ಈಗ ಹೊಸ ಶಿಕ್ಷಣ ನೀತಿಯೊಳಗ ಐತಿ. ಈ ಪ್ರಶ್ನಿನೂ ಆ ದಾರೀಲೆ ಬಂದದ್ದು."

ಬೇರೆ ಊರಿನ ಗೌಂಡಿ ನನ್ನ ಗೋಡೆ ನೆಟ್ಟಗಿದೆಯೇ ಎಂದು ದಾರದ ಗುಂಡು ಇಳಿಬಿಟ್ಟರೆ ನನಗೂ ಸಿಟ್ಟು ಬರುತ್ತದೆ. ಆದರೂ ಗುಂಡು ಎಲ್ಲಿ ನಿಂತಿತೆಂದು ನೋಡದೆ ಇರಲಾರೆ. ಸೋಮವಾರ ಟಿಸಿಗೆ ಅರ್ಜಿ ತರುತ್ತೇನೆಂದು ಹೇಳಿ ಎದ್ದೆ.

ಭಾನುವಾರ ಮಾಗಳದಲ್ಲಿ ಪಾಯದ ಕೆಲಸವಿತ್ತು. ಬುತ್ತಿ ತಂದ ಮಗಳು, ನಾನು ಟೇಪು ಹಿಡಿದದ್ದನ್ನೇ ನೋಡುತ್ತ ನಿಂತಳು.

"ಅಪ್ಪಾ, ಅಡೀನ ಯಾಕ ಬೇಕು?"

ಒಂದು ತೊಗರಿ ಕಟ್ಟಿಗೆ ಮುರಿದು ಈ ಬದಿಗೆ ಮೂರು ಸಲ, ಆ ಬದಿಗೆ ನಾಲ್ಕು ಸಲ ಇಟ್ಟಳು. ನಡುವೆ ಸರಿಯಾಗಿ ಐದು ಕಟ್ಟಿಗೆ. ಕಟ್ಟಿಗೆಯನ್ನು ಅರ್ಧಕ್ಕೆ ಮುರಿದು ಮತ್ತೆ ಹಾಗೆಯೇ ಮೂರು, ನಾಲ್ಕು ಅಳೆದಳು. ಆಗಲೂ ಐದೇ. ಮೂವತ್ತು ವರ್ಷ ನಾನು ಅದನ್ನು ಅಡಿಯ ಗುಣವೆಂದೇ ನಂಬಿದ್ದೆ.

ಜೊತೆಯ ಗೌಂಡಿ ನನ್ನನ್ನು ಛೇಡಿಸದೆ ಬಿಡಲಿಲ್ಲ. "ಲೇ, ಹೋದ್ ವಾರ ಟೇಪ್ ಮರ್ತೀನಂತ ಇಲ್ಲಿಂದ ಊರತನ ಸೈಕಲ್ ತುಳಿದಿದ್ಯಲ್ಲೋ!"

ನಾಚಿಕೆಯಾಗಲಿಲ್ಲ. ನನ್ನ ಕಸುಬನ್ನು ನನಗೇ ಕಲಿಸಿದ ಮಗಳು ಎದುರಿಗಿದ್ದಳು.

ಸೋಮವಾರ ಟೀಚರು ಕೇಳಿದರು, "ಅರ್ಜಿ ತಂದೀರೇನ್ರಿ?"

"ಇಲ್ರಿ" ಎಂದು ತೊಗರಿ ಕಟ್ಟಿಗೆಯನ್ನು ಅವರ ಮೇಜಿನ ಮೇಲಿಟ್ಟೆ.