ಕಂಡಕ್ಟರ್ ಕೈಲಾಶ ತೆಗೆದ ವಿಮಾನದ ಟಿಕೆಟ್

ಭಾಲ್ಕಿ–ಬೀದರ ಬಸ್ಸಿನಲ್ಲಿ ಇಪ್ಪತ್ತೇಳು ವರ್ಷ ಟಿಕೆಟ್ ಹರಿದ ಕೈಲಾಶನಿಗೆ ತನಗಾಗಿ ಒಂದು ಟಿಕೆಟ್ ಕೊಂಡು ಗೊತ್ತಿರಲಿಲ್ಲ. ಮದುವೆಗೆ ಹೋದರೂ ಮಣ್ಣಿಗೆ ಹೋದರೂ ಸರ್ಕಾರಿ ಬಸ್ಸೇ, ಕಿಸೆಯಲ್ಲಿ ಪಾಸು. ಬಸ್ಸು ಹೋಗದ ಊರಿಗೆ ಅವನೂ ಹೋಗುತ್ತಿರಲಿಲ್ಲ.

ಕಂಡಕ್ಟರನಾಗಿ ಅವನು ಒಳ್ಳೆಯವನೆಂದು ಎಲ್ಲರೂ ಒಪ್ಪುತ್ತಿದ್ದರು, ಬಾಯಿ ಮಾತ್ರ ಸ್ವಲ್ಪ ಜೋರು. ವಯಸ್ಸಾದ ಹೆಂಗಸೊಬ್ಬಳು ಹತ್ತಿದರೆ ಸಾಕು, ಮೊಬೈಲಿನಲ್ಲಿ ಮುಳುಗಿದ ಯಾವನಾದರೂ ಗಟ್ಟಿಮುಟ್ಟಾದವನ ಹೆಗಲು ತಟ್ಟಿ ಎಬ್ಬಿಸುತ್ತಿದ್ದ. ಬಸ್ಸಿನ ಬಗ್ಗೆ ಅವನಿಗೊಂದು ದೊಡ್ಡ ಅಭಿಮಾನವಿತ್ತು. ಬಸ್ಸು ನಿನ್ನ ಹೆಸರು ಕೇಳುವುದಿಲ್ಲ, ಜಾತಿ ಕೇಳುವುದಿಲ್ಲ, ಅಪ್ಪ ಯಾರೆಂದು ಕೇಳುವುದಿಲ್ಲ. ದುಡ್ಡು ಕೊಡು, ಚೀಟಿ ತಗೋ, ಕೂಡು. ಚೀಟಿ ಯಾರ ಕೈಯಲ್ಲಿದೆಯೋ ಸೀಟು ಅವರದು. ಇದನ್ನು ಹೇಳುವಾಗ ಅವನ ಎದೆ ಒಂದು ಅಂಗುಲ ಮುಂದೆ ಬರುತ್ತಿತ್ತು. ಔರಾದಿನ ಭೀಮನಗರದಲ್ಲಿ ಹುಟ್ಟಿ, ಬಾವಿಯ ನೀರಿಗೂ ಕುಲ ಕೇಳಿಸಿಕೊಂಡ ಅಪ್ಪನ ಮಗನಿಗೆ ಆ ಅಭಿಮಾನ ಬರದೆ ಇನ್ಯಾರಿಗೆ ಬರಬೇಕು?

ಅವನ ತಾಯಿ ಶಾಲುಬಾಯಿ ಈಗಲೂ ಔರಾದಿನಲ್ಲೇ ಇದ್ದಾಳೆ, ಓಣಿಯ ಹೆಂಗಸರ ನಡುವೆ, ತನ್ನ ಇಷ್ಟದಂತೆ. ಪ್ರತಿ ದಸರೆಗೆ ಆಕೆ ನಾಗಪುರಕ್ಕೆ ಹೋಗಬೇಕು, ಬಾಬಾಸಾಹೇಬರು ಬೌದ್ಧ ದೀಕ್ಷೆ ತೆಗೆದುಕೊಂಡ ನೆಲಕ್ಕೆ. ಬಿಳಿ ಸೀರೆ, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಓಣಿಯ ಹದಿನೈದು ಹೆಂಗಸರು, ನಡುವೆ ರೈಲುಗಾಡಿ ಬದಲಿಸಿ, ಜನರಲ್ ಡಬ್ಬಿಯಲ್ಲಿ ಒಬ್ಬರ ಮೇಲೊಬ್ಬರು. ಇಪ್ಪತ್ತೇಳು ವರ್ಷದಿಂದ ಒಂದು ಸಲವೂ ತಪ್ಪಿಸಿಲ್ಲ. ಮಗ ಒಂದು ಸಲವೂ ಹೋಗಿಲ್ಲ. ದಸರೆಯೆಂದರೆ ಡಿಪೋದಲ್ಲಿ ಹೆಚ್ಚುವರಿ ಬಸ್ಸು ಬಿಡುವ ಕಾಲ. ಆಗ ರಜೆ ಕೇಳುವುದು ಕೈಲಾಶನ ನಾಲಿಗೆಗೆ ಬರದ ಮಾತು.

ಹೋದ ವರ್ಷ ನಾಗಪುರದಿಂದ ಮರಳುವಾಗ ಗಾಡಿ ಹತ್ತುವ ನೂಕುನುಗ್ಗಲಿನಲ್ಲಿ ಶಾಲುಬಾಯಿ ಬಿದ್ದಳು. ಮೊಣಕಾಲು ಊದಿ ಕುಂಬಳಕಾಯಿಯಾಯಿತು. ಇನ್ನು ಮುಂದೆ ಅಂಥ ಪ್ರಯಾಣ ಬೇಡವೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಆಕೆ ಡಾಕ್ಟರ ಎದುರಿಗೆ ತಲೆಯಾಡಿಸಿ, ಹೊರಗೆ ಬಂದು ಮಗನಿಗೆ, “ದಸರಾ ಇನ್ನೂ ಭಾಳ ದೂರ ಅದ. ಅಷ್ಟೊತ್ತಿಗಿ ಕಾಲು ಸುಮ್ಮನಾಗ್ತದ” ಅಂದಳು. ಕಾಲು ಸುಮ್ಮನಾಗಲಿಲ್ಲ. ಮಳೆಗಾಲ ಬಂದರೂ ಆಕೆ ಗೋಡೆ ಹಿಡಿದೇ ನಡೆಯುತ್ತಿದ್ದಳು. ಈ ಸಲ ಅವ್ವನನ್ನು ನಾಗಪುರಕ್ಕೆ ಹೇಗೆ ಮುಟ್ಟಿಸುವುದು ಎಂಬ ಚಿಂತೆ ಕೈಲಾಶನ ತಲೆ ತಿನ್ನತೊಡಗಿತು.

ಅಂಥ ಹೊತ್ತಿನಲ್ಲಿ ಬೀದರಿನ ಬ್ಯಾಂಕಿನಿಂದ ಫೋನು ಬಂತು. ಸಂಬಳ ಜಮೆಯಾಗುವ ಬ್ಯಾಂಕು, ಕ್ರೆಡಿಟ್ ಕಾರ್ಡ್ ಕೊಡುತ್ತೇವೆ ಬನ್ನಿ ಎಂದಿತು. ಆಯೆಶಾ ಎಂಬ ಹುಡುಗಿ ಎದುರಿಗೆ ಕೂರಿಸಿಕೊಂಡು ತಿಳಿಸಿ ಹೇಳಿದಳು. ಹೊಸದಾಗಿ ಕಾರ್ಡ್ ತೆಗೆದುಕೊಂಡವರಿಗೆ ಎರಡರಲ್ಲಿ ಒಂದು ಉಡುಗೊರೆ. ಒಂದೋ ಮೊದಲ ಬಿಲ್ಲಿನಲ್ಲಿ ಮೂರೂವರೆ ಸಾವಿರ ರಿಯಾಯಿತಿ, ಇಲ್ಲವೋ ವಿಮಾನದ ಪಾಯಿಂಟು. ಎರಡಕ್ಕೂ ಎರಡು ತಿಂಗಳಲ್ಲಿ ಹದಿನೈದು ಸಾವಿರದ ಖರೀದಿ ಮಾಡಬೇಕು.

“ಪಾಯಿಂಟಿನಾಗ ಹೈದರಾಬಾದಿಂದ ನಾಗಪುರಕ್ಕ ಹೋಗಲಿಕ್ಕ ಆಗ್ತದೇನ್ರಿ?” ಕೈಲಾಶ ಕೇಳಿದ.

ಆಯೆಶಾ ಕಂಪ್ಯೂಟರ್ ನೋಡಿದಳು. “ಒಬ್ಬರಿಗಿ ಹೋಗಿ ಬರೋದು ಆಗ್ತದ್ರಿ ಸರ್. ವಯಸ್ಸಾದವರಿದ್ರ ವೀಲ್‌ಚೇರ್ ಸೈತ ಕೊಡ್ತಾರ, ಸೀಟಿನ ತನಕ ಕೈ ಹಿಡದು ಒಯ್ತಾರ. ಆದ್ರ ವಿಚಾರ ಮಾಡಿ ಹೇಳ್ರಿ, ಒಮ್ಮಿ ಆರಿಸಿದ್ರ ಬದಲಿ ಮಾಡ್ಲಿಕ್ಕ ಬರಲ್ರಿ.”

ಭಾಲ್ಕಿಗೆ ಮರಳಿ ಹೆಂಡತಿಗೆ ಹೇಳಿದ. ಮನಿಷಾ ಅಂಗನವಾಡಿಯಲ್ಲಿ ಕೆಲಸ ಮಾಡುವಾಕೆ, ನಲವತ್ತು ಮಕ್ಕಳಿಗೆ ಜಗಳವಿಲ್ಲದೆ ಮೊಟ್ಟೆ ಹಂಚಿ ಅಭ್ಯಾಸವಿದ್ದವಳು. ಆಕೆ ಒಂದು ನಿಮಿಷವೂ ತೆಗೆದುಕೊಳ್ಳಲಿಲ್ಲ.

“ರಿಯಾಯಿತಿ ತಗೋರಿ. ಆ ರೊಕ್ಕದಾಗ ಏಸಿ ಡಬ್ಬಿಗಿ ಎರಡು ಸೀಟು ಇವತ್ತೇ ರಿಜರ್ವ್ ಮಾಡ್ರಿ. ಅತ್ತಿಗಿ ಕೆಳಗಿಂದು, ನನಗ ಮ್ಯಾಲಿಂದು. ನಾ ನೋಡಕೋತ ಕರಕೊಂಡು ಹೋಗ್ತೇನಿ.”

ಇದು ಸರಿಯಾದ ಮಾತು. ಸರಿಯಾದ ಮಾತೆಂದು ಕೈಲಾಶನಿಗೂ ಗೊತ್ತಿತ್ತು, ಆ ಸಂಕಟಕ್ಕೇ ಅವನು ತಟ್ಟೆ ಬಿಟ್ಟು ಎದ್ದ. ವಾಯುಪಡೆಯ ತರಬೇತಿ ವಿಮಾನಗಳು ಬೀದರಿನ ಮೇಲೆ ಹಗಲೆಲ್ಲ ಸುತ್ತುತ್ತವೆ. ಇಪ್ಪತ್ತೇಳು ವರ್ಷ ಅವುಗಳನ್ನು ಕತ್ತೆತ್ತಿ ನೋಡಿದ್ದವನು. ಮೊಣಕೈ, ಟ್ರಂಕು, ಚೀಲ ತಾಗಿ ಮುದುಕಿಯರು ಹೇಗೆ ನಲುಗುತ್ತಾರೆಂದು ಅವನಷ್ಟು ಬಲ್ಲವರು ಯಾರು? ತನ್ನ ಅವ್ವನಿಗೆ ಒಮ್ಮೆ ಯಾರ ಮೈಯೂ ತಾಗಬಾರದು. ಅದೂ ನಿಜ, ಔರಾದಿನ ಓಣಿಯಲ್ಲಿ “ಶಾಲುಬಾಯಿ ಈ ಸಲ ವಿಮಾನದಾಗ ಹೋದಳು” ಎಂದು ಜನ ಆಡಿಕೊಳ್ಳಬೇಕೆಂಬ ಆಸೆಯೂ ಅಷ್ಟೇ ನಿಜ. ಅದನ್ನು ಅವನು ಮನಿಷಾಳಿಗೆ ಹೇಳಲಿಲ್ಲ. ಆಕೆಗೆ ಹೇಳದೆಯೇ ತಿಳಿಯಿತು.

“ಆಯ್ತು ಬಿಡ್ರಿ,” ಅಂದಳು. “ನಾ ಓಣಿ ಹೆಂಗಸರ ಸಂಗಟ ಗಾಡಿಗಿ ಹೋಗ್ತೇನಿ. ಅತ್ತಿ ಇಳಿದಾಗ ಅಲ್ಲಿ ನಿಂತಿರ್ತೇನಿ.”

ಪಾಯಿಂಟನ್ನೇ ಆರಿಸಿದ ಕೈಲಾಶ ಮುಂದಿನ ಎರಡು ತಿಂಗಳು ಭಾಲ್ಕಿಯ ಅಂಗಡಿಗಳಲ್ಲಿ ನಗೆಪಾಟಲಾದ. ಪೆಟ್ರೋಲಿಗೆ ಕಾರ್ಡು, ಕಿರಾಣಿಗೆ ಕಾರ್ಡು. ದಿನವಿಡೀ ಪ್ರಯಾಣಿಕರನ್ನು ಚಿಲ್ಲರೆಗಾಗಿ ಗದರುವ ಮನುಷ್ಯ ಸಂತೆಯಲ್ಲಿ ಅರ್ಧ ಕಿಲೋ ಉಳ್ಳಾಗಡ್ಡಿಗೂ ಕಾರ್ಡು ತೆಗೆದು, ಮಾರುವಾಕೆಯಿಂದ ಬೈಸಿಕೊಂಡ. ಕಡೆಗೂ ಹದಿನೈದು ಸಾವಿರ ದಾಟಿತು, ಪಾಯಿಂಟು ಬಂತು.

ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಕುಳಿತು ಅವನೇ ಮೊಬೈಲಿನಲ್ಲಿ ಟಿಕೆಟ್ ತೆಗೆದ. ಊರು ಒತ್ತಿದ, ತಾರೀಕು ಒತ್ತಿದ. ಹೆಸರಿನ ಜಾಗದಲ್ಲಿ ಕಾರ್ಡಿನವನ ಹೆಸರು ತಾನಾಗಿಯೇ ಬಂದು ಕೂತಿತ್ತು. ರೊಕ್ಕ ಕಟ್ಟುವವನ ಹೆಸರಿರಬೇಕು ಎಂದುಕೊಂಡು ಮುಂದೆ ಒತ್ತಿದ. ಇಪ್ಪತ್ತೇಳು ವರ್ಷ ಲಕ್ಷಗಟ್ಟಲೆ ಟಿಕೆಟ್ ಕೊಟ್ಟವನು, ಒಂದರ ಮೇಲೂ ಯಾರ ಹೆಸರನ್ನೂ ಕಂಡಿರಲಿಲ್ಲ. ಕೆಲಸ ಮುಗಿಸಿ, ಪಕ್ಕದಲ್ಲಿದ್ದ ಡ್ರೈವರನಿಗೆ ಚಹ ಕುಡಿಸಿದ.

ಔರಾದಿನಲ್ಲಿ ಸುದ್ದಿ ಹಬ್ಬಿತು. ಶಾಲುಬಾಯಿ ಮೊದಲು ನಂಬಲಿಲ್ಲ, ಆಮೇಲೆ ಹೆದರಿದಳು, ಆಮೇಲೆ ಹೊಸ ಬಿಳಿ ಸೀರೆ ತಂದು ಅಂಚಿಗೆ ಫಾಲ್ ಹಚ್ಚಿಸಿದಳು. ವಿಮಾನದಲ್ಲಿ ರೊಟ್ಟಿ ಗಂಟು ಬಿಡುತ್ತಾರೋ ಇಲ್ಲವೋ ಎಂದು ಓಣಿಯಲ್ಲಿ ಎರಡು ಪಕ್ಷಗಳೇ ಆದವು.

ದಸರೆಗೆ ಎಂಟು ದಿನ ಇರುವಾಗ ಕೈಲಾಶ ಟಿಕೆಟ್ ಛಾಪಿಸಲು ಬೀದರ ಬಸ್ ನಿಲ್ದಾಣದ ಎದುರಿನ ಆಸಿಫನ ಝೆರಾಕ್ಸ್ ಅಂಗಡಿಗೆ ಹೋದ. ಆಸಿಫ ಕಾಗದ ಕೈಗೆತ್ತಿಕೊಂಡು ನೋಡಿದ.

“ಮುಬಾರಕ್ ಹೋ ಕೈಲಾಶಣ್ಣ, ವಿಮಾನ ಹತ್ತಲಿಕ್ಕತ್ತೀರಿ!”

“ನಾ ಅಲ್ಲೋ. ನಮ್ಮವ್ವ.”

“ಇದರಾಗ ನಿಮ್ಮ ಹೆಸರದ ಅಲ್ರಿ?”

“ಕಾರ್ಡ್ ನಂದಲ್ಲೇನು? ಅದಕ್ಕ ನನ್ನ ಹೆಸರು. ಸೀಟು ಅವ್ವಂದು.”

ಆಸಿಫನ ಮುಖದ ನಗು ಇಳಿಯಿತು. “ಅಣ್ಣ, ವಿಮಾನದಾಗ ಹಂಗಿಲ್ರಿ. ಯಾರ ಹೆಸರು ಅದನೋ ಅವರೇ ಹೋಗಬೇಕು. ಆಧಾರ್ ಕಾರ್ಡ್ ಹಿಡದು ಮಾರಿ ನೋಡಿ ಒಳಗ ಬಿಡ್ತಾರ.”

ಅಲ್ಲೇ ಸ್ಟೂಲಿನ ಮೇಲೆ ಕುಳಿತು ಕೈಲಾಶ ಕಾರ್ಡಿನವರಿಗೆ ಫೋನು ಮಾಡಿದ. ಮುಕ್ಕಾಲು ಗಂಟೆ ಹಾಡು ಕೇಳಿಸಿಕೊಂಡ ಮೇಲೆ ಒಂದು ಸವಿಯಾದ ದನಿ ಹೇಳಿತು: ಪಾಯಿಂಟಿನ ಟಿಕೆಟ್ಟಿನಲ್ಲಿ ಹೆಸರು ಬದಲಿಸಲು ಆಗುವುದಿಲ್ಲ, ರದ್ದು ಮಾಡಿದರೆ ಪಾಯಿಂಟು ಮರಳಿ ಬರುವುದಿಲ್ಲ. ಅವ್ವನಿಗೆ ಬೇರೆ ಟಿಕೆಟ್ ಕೊಳ್ಳೋಣವೆಂದರೆ ಹಬ್ಬದ ದರ, ಹೋಗಿ ಬರಲು ಇಪ್ಪತ್ತೆರಡು ಸಾವಿರ. ರೈಲಿನ ಏಸಿ ಡಬ್ಬಿ ನೋಡಿದರೆ ತಿಂಗಳ ಹಿಂದೆಯೇ ಭರ್ತಿ. ಅವನು ಮನಿಷಾಳಿಗೆ ಫೋನು ಹಚ್ಚಿ ಎಲ್ಲ ಹೇಳಿದ. ನಾ ಹೇಳಿದ್ದೆ ಎಂದು ಆಕೆ ಅನ್ನಬಹುದಿತ್ತು. ಅನ್ನಲಿಲ್ಲ. ಅದಕ್ಕೇ ಅವನಿಗೆ ಇನ್ನಷ್ಟು ನಾಚಿಕೆಯಾಯಿತು.

ಮರುದಿನ ವಾರದ ರಜೆ. ಔರಾದಿನ ಬಸ್ಸು ಹತ್ತಿ ಅವ್ವನ ಮನೆಗೆ ಹೋದ. ಶಾಲುಬಾಯಿ ಹೊಸ್ತಿಲ ಹತ್ತಿರ ಕಾಲು ಚಾಚಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಅವನು ನೆಲದ ಮೇಲೆ ಕುಳಿತು, ಒಂದೇ ಉಸಿರಿಗೆ, ಏನೂ ಮುಚ್ಚಿಡದೆ ಹೇಳಿದ.

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕಣ್ಣು ತುಂಬಿತು. ಅದನ್ನೇನೂ ಆಕೆ ಮರೆಮಾಚಲಿಲ್ಲ.

“ಅಂದ್ರ ಈ ವರ್ಷ ನಂಗ ಹೋಗೋದು ಆಗೋದಿಲ್ಲ.”

“ತಪ್ಪಾಯ್ತವ್ವ. ಮನಿಷಾ ಹೇಳಿದಂಗ ಕೇಳಿದ್ರ ಆರಾಮ ಮಲಕೊಂಡು ಹೋಗ್ತಿದ್ದಿ. ನಾ ಆ ಟಿಕೆಟ್ ಹರದು ಒಗೀತೇನಿ.”

“ಹರೀತಾನಂತ! ಯಾಕ ಹರೀತಿ?” ಶಾಲುಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೊಂದು ಕಾಯಿ ಸುಲಿದಳು. ಆಮೇಲೆ ಹೇಳಿದಳು: “ನಿನಗ ನೌಕರಿ ಸಿಕ್ಕ ವರ್ಷ ನಾ ಮೊದಲನೇ ಸಲ ಹೋದೆ. ನನ್ನ ಮಗನಿಗಿ ಸರ್ಕಾರಿ ನೌಕರಿ ಆಯ್ತು, ನಿಮ್ಮಿಂದ ಆಯ್ತು ಅಂತ ಬಾಬಾಸಾಹೇಬ್ರಿಗಿ ಹೇಳಲಿಕ್ಕ. ಆವತ್ತಿಂದ ಪ್ರತಿ ವರ್ಷ ಅಲ್ಲಿ ನಿಂತು, ಮಗ ಡ್ಯೂಟಿ ಮ್ಯಾಲ ಇದ್ದಾನ್ರಿ, ಅವನಿಗಿ ಬರೋದಾಗಿಲ್ಲ ಅಂತ ಹೇಳಿ ಬರ್ತೇನಿ. ಈ ವರ್ಷ ಅವ್ವಗ ಬರೋದಾಗಿಲ್ಲ ಅಂತ ನೀ ಹೋಗಿ ಹೇಳು.”

ಕೈಲಾಶ ನೆಲದ ಮೇಲಿನ ಶೇಂಗಾ ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಮಾಡಿದ. ಪ್ರತಿ ವರ್ಷ ಅವ್ವ ತನ್ನ ಪಾಲಿನ ಗೈರುಹಾಜರಿಯನ್ನು ಹೊತ್ತುಕೊಂಡು ಹೋಗುತ್ತಿದ್ದಳೆಂದು ಅವನಿಗೆ ಇವತ್ತಿನವರೆಗೂ ಗೊತ್ತಿರಲಿಲ್ಲ.

ಡಿಪೋ ಮ್ಯಾನೇಜರ್ ಮಲ್ಲಿಕಾರ್ಜುನಪ್ಪನವರು ರಜೆಯ ಅರ್ಜಿಯನ್ನು ಎರಡು ಸಲ ತಿರುವಿ ನೋಡಿದರು. “ದಸರಾಕ್ಕ ರಜಾ? ಅದೂ ನೀನು? ಕಾರಣ ಬರದೇ ಇಲ್ಲಲ್ಲ.”

“ಏನು ಬರೀಬೇಕು ತಿಳೀಲಿಲ್ರಿ ಸಾಹೇಬ್ರ. ನಮ್ಮವ್ವನ ಬದಲಿ ಡ್ಯೂಟಿ ಅದ್ರಿ.”

ಅವರು ಅವನ ಮುಖ ನೋಡಿ ಸಹಿ ಹಾಕಿದರು.

ವಿಮಾನದಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು, ಅಷ್ಟೇ. ಅವನಿಗೆ ನಡುವಿನ ಸೀಟು ಬಂದಿತ್ತು, ಕಿಟಕಿ ಸಿಗಲಿಲ್ಲ. ನಾಗಪುರದಲ್ಲಿ ಮನಿಷಾ ಹೇಳಿದಂತೆ ಹೊರಗೆ ನಿಂತಿದ್ದಳು. ಇಬ್ಬರೂ ಜನರ ಮಹಾಪೂರದಲ್ಲಿ ನಡೆದು ದೀಕ್ಷೆಯ ನೆಲದ ಮೇಲಿನ ಸ್ತೂಪದ ಬಳಿ ಬಂದರು. ಒಳಗೆ ಹೋಗುವ ಸಾಲಿನಲ್ಲಿ ಮೂರು ತಾಸು ನಿಂತರು. ಸಾಲಿನ ತುಂಬ ಬಿಳಿ ಸೀರೆಯ ಮುದುಕಿಯರು, ಕೆಲವರು ಕೋಲು ಹಿಡಿದವರು, ಕೆಲವರು ಮಗನ ಹೆಗಲು ಹಿಡಿದವರು. 

ಬಾಬಾಸಾಹೇಬರ ಅಸ್ಥಿಯ ಮುಂದೆ ನಿಲ್ಲಲು ಪ್ರತಿಯೊಬ್ಬರಿಗೂ ಸಿಗುವುದು ಒಂದು ಗಳಿಗೆ. ದಾರಿಯುದ್ದಕ್ಕೂ ಅವನು ಮನಸ್ಸಿನಲ್ಲೇ ಹೇಳಿ ಹೇಳಿ ಬಾಯಿಪಾಠ ಮಾಡಿದ್ದ ಮಾತು ಆಗ ನೆನಪಿಗೆ ಬರಲಿಲ್ಲ. ಬಗ್ಗಿದ, ಕೈ ಮುಗಿದ. ಹಿಂದಿನವರು ಮುಂದೆ ನೂಕಿದಾಗ ಬಾಯಿಂದ ಬಂದದ್ದು ಇಷ್ಟೇ:

“ಔರಾದ ಶಾಲುಬಾಯಿಗಿ ಈ ವರ್ಷ ಬರೋದಾಗಿಲ್ರಿ. ನಾ ಅಕಿ ಮಗ.”