ಹಿಂಗೋಡೆ ಬದಿಯ ಆರನೇ ತೂತು

ಬೆಳಗಿನ ಆರೂಕಾಲು. ಮುಚ್ಚಿಹೋದ ಪೆಟ್ರೋಲ್ ಬಂಕಿನ ಅಂಗಳದಲ್ಲಿ ಡ್ರಿಲ್ ಯಂತ್ರ ಹನ್ನೆರಡು ಅಡಿ ಆಳದ ಮಣ್ಣನ್ನು ಕೊಳವೆಯಲ್ಲಿ ಮೇಲೆತ್ತಿದೆ. ಅದರ ಮುಂದೆ ಮಂಡಿಯೂರಿದ ಹೆಂಗಸು ಹಳೆಯ ಕೈಗವಸು ಕಳಚಿ ಹೊಸದು ಹಾಕಿಕೊಳ್ಳುತ್ತಾರೆ. ಸ್ಟೀಲ್ ಚಮಚದಿಂದ ನಡುವಿನ ಮಣ್ಣನ್ನಷ್ಟೇ ತೆಗೆದು, ಗಾಳಿಗೂ ಜಾಗವಿಲ್ಲದಂತೆ ಗಾಜಿನ ಜಾಡಿಗೆ ಒತ್ತಿ, ಮುಚ್ಚಳ ಬಿಗಿದು ಐಸ್ ಪೆಟ್ಟಿಗೆಯಲ್ಲಿಡುತ್ತಾರೆ. ಉಳಿದ ಮಣ್ಣಿಗೆ ಇಂಧನದ ಆವಿ ಅಳೆಯುವ ಮೀಟರ್ ಹಿಡಿಯುತ್ತಾರೆ. ಮೂಸಿ ಮಾತ್ರ ನೋಡುವುದಿಲ್ಲ.

"ಮೂಗನ್ನ ನಂಬಬಾರ್ದು. ಹತ್ತು ನಿಮಿಷ ಆ ವಾಸನೇಲಿದ್ರೆ ಅದಕ್ಕೆ ಎಲ್ಲಾ ಒಂದೇ."

ಮಣ್ಣು ಪರೀಕ್ಷಿಸುವ ಲ್ಯಾಬಿನವರಿಗೆ ಇವರು 'ಮಣ್ಣಕ್ಕ'. ವಯಸ್ಸು ನಲವತ್ತೆಂಟು. ಜಾಡಿ ತೊಳೆಯಲು ಸೇರಿ, ಈ ಕೆಲಸಕ್ಕೆ ಬಂದು ಹತ್ತೊಂಬತ್ತು ವರ್ಷ. ನೆಲದಡಿಯ ಟ್ಯಾಂಕುಗಳಿಂದ ಇಂಧನ ಸೋರಿದೆಯೇ ಎಂದು ಕಟ್ಟಡ ಏಳುವ ಮೊದಲೇ ನೋಡಬೇಕು. ದಿನಕ್ಕೆ ಐದು ತೂತು, ಇಪ್ಪತ್ತು ಜಾಡಿ, ಇಪ್ಪತ್ತು ಜೊತೆ ಕೈಗವಸು. ಸಂಜೆಗೆ ಮಂಡಿ ಮಾತು ಕೇಳುವುದಿಲ್ಲ.

ಯಂತ್ರ ನಡೆಸುವವರು ಅವರ ಅಕ್ಕನ ಗಂಡ. "ಇವಳು ಕೈಗವಸು ಬದಲಾಯಿಸೋ ಹೊತ್ತಿಗೆ ನಾನು ಇನ್ನೊಂದು ಮದುವೆ ಮಾಡ್ಕೊಂಡು ಬರ್ಬಹುದು."

"ಹೋಗಿ ಬನ್ನಿ ಭಾವ, ಅಕ್ಕಂಗೆ ನಾನೇ ಹೇಳ್ತೀನಿ. ಯಂತ್ರ ಮಾತ್ರ ಇಲ್ಲೇ ಬಿಟ್ಟುಹೋಗಿ."

ಕೈಗವಸಿನ ಈ ಮಡಿಗೆ ಕಾರಣವಿದೆ. ಎಂಟು ವರ್ಷದ ಹಿಂದೆ ಜನರೇಟರಿಗೆ ಪೆಟ್ರೋಲ್ ಸುರಿದ ಕೈಗವಸಿನಲ್ಲೇ ಇವರು ಮಣ್ಣು ತೆಗೆದಿದ್ದರು. ಒಳ್ಳೆಯ ಮಣ್ಣು ಕೆಟ್ಟದ್ದೆಂದು ವರದಿ ಬಂತು. ಆ ಜಾಗದಲ್ಲಿ ಶುರುವಾಗಬೇಕಿದ್ದ ಪೀಠೋಪಕರಣದ ಅಂಗಡಿ ಮೂರು ತಿಂಗಳು ತೆರೆಯಲಿಲ್ಲ. ತಪ್ಪು ಹೊಳೆದಾಗ ತಾವೇ ಹೋಗಿ ಲ್ಯಾಬಿನಲ್ಲಿ ಹೇಳಿದರು. "ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ಆದ್ರೆ ನನಗೆ ಗೊತ್ತಲ್ಲ."

ಇಲ್ಲಿ ನಾಲ್ಕಂತಸ್ತಿನ ವಾಣಿಜ್ಯ ಮಳಿಗೆ ಏಳಲಿದೆ. ಹತ್ತು ಗಂಟೆಗೆ ನಕ್ಷೆಯಲ್ಲಿದ್ದ ಐದೂ ತೂತು ಮುಗಿದಿವೆ. ಮೀಟರ್ ಸುಮ್ಮನಿದೆ. ಮಣ್ಣಕ್ಕ ಸುಮ್ಮನಿಲ್ಲ. ನೆಲ ಹಿಂಗೋಡೆಯ ಕಡೆಗೆ ಇಳಿಜಾರು. ಗೋಡೆಯಾಚೆ ಹನ್ನೊಂದು ಮನೆಗಳು ನೀರು ಸೇದುವ ಬಾವಿ.

"ಗೋಡೆ ಹತ್ರ ಇನ್ನೊಂದು ಹಾಕ್ಬೇಕು."

ಸೈಟಿನ ಮ್ಯಾನೇಜರ್ ಒಪ್ಪುವುದಿಲ್ಲ. "ನಕ್ಷೇಲಿರೋದು ಐದೇ ಮೇಡಂ. ನಾಡಿದ್ದು ಪಾಯ ತೆಗೀಬೇಕು. ಅಲ್ಲದೆ ನಿಮ್ಮ ಕೈಗವಸಿನ ಕಥೆ ನಮಗೂ ಗೊತ್ತು."

"ಗೊತ್ತಿದ್ರೆ ಒಳ್ಳೇದೇ ಆಯ್ತು. ಪಕ್ಕದಲ್ಲೇ ನಿಂತು ನೋಡಿ."

"ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಕೋತೀರ ಸಾರ್?" ಭಾವ ಆಗಲೇ ಯಂತ್ರ ತಳ್ಳುತ್ತಿದ್ದಾರೆ. "ಒಂದು ತೂತು ತಾನೇ."

ಫೋನಿನಲ್ಲಿ ಲ್ಯಾಬ್ ಮುಖ್ಯಸ್ಥರ ಉತ್ತರ ಒಂದೇ ಪದ: "ತೆಗೀರಿ."

ಮಣ್ಣು ಮುಟ್ಟುವ ಮೊದಲು ಮಣ್ಣಕ್ಕ ಲ್ಯಾಬಿನಿಂದ ತಂದ ಶುದ್ಧ ಮರಳನ್ನು ಮಣ್ಣಿಗೆ ಬಳಸಲಿರುವ ಹೊಸ ಕೈಗವಸಿನಲ್ಲಿ, ಅದೇ ಚಮಚದಲ್ಲಿ ಬೇರೊಂದು ಜಾಡಿಗೆ ತುಂಬುತ್ತಾರೆ. "ತಪ್ಪು ನನ್ನ ಕೈದಾದ್ರೆ ಈ ಮರಳಲ್ಲೇ ಸಿಕ್ಕಿಬೀಳ್ತೀನಿ," ಎಂದು ಮ್ಯಾನೇಜರಿಗೆ ಜಾಡಿ ತೋರಿಸುತ್ತಾರೆ. ಒಂಬತ್ತು ಅಡಿಯಲ್ಲಿ ಕೆಂಪು ಮಣ್ಣು ಬೂದು ಬಣ್ಣಕ್ಕೆ ತಿರುಗುತ್ತದೆ. ಮೀಟರಿನ ಅಂಕಿ ಏರುತ್ತದೆ. ಅವರು ನಡುವಿನ ಮಣ್ಣನ್ನು ಜಾಡಿಗೆ ಒತ್ತುತ್ತಾರೆ. ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ.

ಆರು ದಿನದ ನಂತರ ವರದಿ ಬಂದಿದೆ. ಆರನೇ ತೂತಿನ ಮಣ್ಣಿನಲ್ಲಿ ಡೀಸೆಲ್. ಮರಳಿನಲ್ಲಿ ಏನೂ ಇಲ್ಲ. ಗೋಡೆಯ ಹತ್ತಿರ ಹಳೆಯ ಪೈಪಿನ ಜೋಡಣೆಯೊಂದು ಸೋರಿತ್ತು. ಪಾಯದ ಕೆಲಸ ನಿಂತು, ಆ ಮೂಲೆಯ ಮಣ್ಣು ಲಾರಿ ಏರುತ್ತಿದೆ. ಬಾವಿಯ ನೀರಿಗೆ ಇನ್ನೂ ಡೀಸೆಲ್ ತಲುಪಿಲ್ಲ. ಪ್ರತಿ ತಿಂಗಳು ಪರೀಕ್ಷೆ ನಡೆಯಲಿದೆ.

ವರದಿಯ ಕೊನೆಯ ಪುಟದಲ್ಲಿ ಮುಖ್ಯಸ್ಥರ ಸಹಿ ಇದೆ. ಅದರ ಮೇಲಿನ 'ಮಣ್ಣು ತೆಗೆದವರು' ಎಂಬ ಜಾಗ ಖಾಲಿ. ಹತ್ತೊಂಬತ್ತು ವರ್ಷದಿಂದ ಅದು ಹಾಗೆಯೇ ಇದೆ. ಅಲ್ಲಿ ತಮ್ಮ ಹೆಸರು ಹಾಕಿ ಎಂದು ಮಣ್ಣಕ್ಕ ಈ ಸಲ ಅರ್ಜಿ ಕೊಟ್ಟಿದ್ದಾರೆ.

"ಹೊಗಳ್ಲಿ ಅಂತಲ್ಲ," ಎನ್ನುತ್ತಾರೆ. "ನಾಳೆ ಅನುಮಾನ ಬಂದ್ರೆ ಯಾರ ಮನೆ ಬಾಗಿಲು ತಟ್ಬೇಕು ಅಂತ ಆ ಹನ್ನೊಂದು ಮನೆಯವರಿಗೆ ಗೊತ್ತಿರ್ಲಿ."