ಚೀಟಿ ಕೊಟ್ಟು ಉಂಡ ಮದುವೆಯೂಟ

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡಗಳಲ್ಲಿ ಮದುವೆಯ ಮುಹೂರ್ತವನ್ನು ಜೋಯಿಸರು ಇಡುತ್ತಾರೆಂಬುದು ಬಾಯಿಮಾತು ಮಾತ್ರ. ಉಳ್ಳವರು ಮೊದಲು ವಿಚಾರಿಸುತ್ತಿದ್ದುದು ಒಬ್ಬ ಅಡಿಗೆ ಭಟ್ಟರ ಬಿಡುವನ್ನು. ಅವರು ಯಾವತ್ತು ಬರುತ್ತೇನೆನ್ನುತ್ತಾರೋ ಅವತ್ತೇ ಗ್ರಹಗಳೂ ಒಳ್ಳೆಯ ಮನೆಗಳಿಗೆ ಬಂದು ಕೂರುತ್ತಿದ್ದವು. ಮದುವೆ ಗಂಡಿನ ಹೆಸರನ್ನು ಮರೆತವರೂ ‘ಅವರು ಹುಳಿ ಮಾಡಿದ ಮದುವೆ’ ಎಂದು ನೆನಪಿಟ್ಟುಕೊಂಡಿರುತ್ತಿದ್ದರು. ಅಂಥವರು, ಬಯಲ ಒಲೆಗಳ ಮುಂದೆ ನಿಂತೂ ನಿಂತೂ ಮಂಡಿ ಸೋತ ಮೇಲೆ, ಮಧುಗಿರಿಯ ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲು ತೆರೆದರು. ಚೀಟಿ ಕೊಂಡರೆ ಮಧ್ಯಾಹ್ನದ ಊಟ. ಕಚೇರಿಯ ಜವಾನನೂ ಕೋರ್ಟಿಗೆ ಬಂದ ಕಕ್ಷಿಗಾರನೂ ಎರಡು ಸಲ ಯೋಚಿಸದೆ ಕೊಡಬಲ್ಲಷ್ಟು ದರ.

ಆ ಹೋಟೆಲಿಗೂ ನನ್ನ ಮದುವೆಗೂ ನಂಟು ಬೆಳೆದದ್ದು ನನ್ನ ಅಜ್ಜಿಯಿಂದ.

ಕಾಲೇಜಿನ ಚರ್ಚಾಕೂಟದಲ್ಲಿ ನಾನು ಆಡಂಬರದ ವಿವಾಹಗಳನ್ನು ಖಂಡಿಸಿ ಗೆದ್ದಿದ್ದೆ. ಗೆದ್ದವರು ಸಾಮಾನ್ಯವಾಗಿ ತಮ್ಮ ಪಕ್ಷವನ್ನು ವೇದಿಕೆಯ ಮೇಲೆಯೇ ಬಿಟ್ಟು ಇಳಿಯುತ್ತಾರೆ. ನಾನು ಅದನ್ನು ಮನೆಗೆ ಹೊತ್ತು ತಂದೆ. ನನ್ನದು ಸಬ್‌ರಿಜಿಸ್ಟ್ರಾರ್ ಕಚೇರಿಯ ಮದುವೆ. ಚಪ್ಪರವಿಲ್ಲ, ವಾಲಗವಿಲ್ಲ, ಊಟವಿಲ್ಲ ಎಂದು ಸಾರಿದೆ. ಹುಡುಗಿ ಪಾವಗಡದ ಕಡೆಯವಳು, ಶಾಲಾ ಶಿಕ್ಷಕಿ. ಅವಳ ತಂದೆಯೂ ಮೇಷ್ಟರು, ಗೋಡೆಯ ಮೇಲೆ ಬುದ್ಧನ ಪಟವಿದ್ದ ಮನೆ. ನಮ್ಮದು ಬುಕ್ಕಾಪಟ್ಟಣದ ಬಳಿ ಕುರಿ ಕಾಯುವ ಮನೆತನ. ನನ್ನ ತಂದೆ ಒಂದೇ ಮಾತು ಹೇಳಿದರು: “ನಿಮ್ಮಜ್ಜಿ ಒಪ್ಪಿದ್ರೆ ಹುಡ್ಗೀನ ಮನೆ ತುಂಬಿಸ್ಕಳಾಣ. ಇಲ್ದಿದ್ರೆ ಅವ್ಳ ಜೊತೆ ನೀನೂ ಹೊರಗೇ.”

ಜಾತಿಯ ಪ್ರಶ್ನೆ ಏಳುವುದು ಖಂಡಿತವೆಂದು ನಾನು ಪೂರ್ವಪಕ್ಷ ಕಟ್ಟಿ, ಒಂದೊಂದನ್ನೂ ಖಂಡಿಸಿ, ವಚನಗಳಿಂದ ಸಂವಿಧಾನದವರೆಗೆ ಸಿದ್ಧನಾಗಿ ಅಜ್ಜಿಯ ಮುಂದೆ ಕುಳಿತೆ.

“ಅಜ್ಜಿ, ಜಾತಿ ಅನ್ನೋದು ಏನಪ್ಪಾ ಅಂದ್ರೆ...”

“ಜಾತಿ ಬುಡ್ಲಾ. ಊಟ ಏನ್ ಹಾಕುಸ್ತೀಯ?”

ನನ್ನ ಸಿದ್ಧತೆಯೆಲ್ಲ ಬಳಕೆಯಾಗದೆ ಉಳಿಯಿತು. ಕಾರಣ ಆಮೇಲೆ ತಿಳಿಯಿತು. ಹುಡುಗಿ ಹಿಂದೊಮ್ಮೆ ನಮ್ಮ ಮನೆಗೆ ಬಂದಾಗ ಅಜ್ಜಿಯನ್ನು ‘ಅವ್ವಾ’ ಎಂದು ಕರೆದಿದ್ದಳು. ತೆಲುಗು ಬೆರೆತ ಅವಳ ಊರ ಮಾತಿನಲ್ಲಿ ಅವ್ವ ಎಂದರೆ ಅಜ್ಜಿ, ನಮ್ಮಲ್ಲಿ ತಾಯಿ. ‘ಬಂದ ದಿನವೇ ನನ್ನ ಹೆತ್ತವ್ವ ಅಂದವಳು’ ಎಂದು ಅಜ್ಜಿ ಅವತ್ತೇ ಕರಗಿಹೋಗಿದ್ದಳು. ಈ ಭಾಷಾಶಾಸ್ತ್ರದ ತಪ್ಪನ್ನು ತಿದ್ದುವ ಉತ್ಸಾಹ ನನಗೂ ಬರಲಿಲ್ಲ.

ಆದರೆ ಊಟದ ವಿಷಯದಲ್ಲಿ ಅವಳು ಕಲ್ಲು.

“ಊಟ ಇಲ್ದಿರ ಮದ್ವೇಲಿ ಜನ ಯಾತಕ್ಕೆ ಹೆಸ್ರು ಇಕ್ತಾರ್ಲಾ? ಅನ್ನ ಬೆಂದಿರ್ಲಿಲ್ಲ, ಪಾಯ್ಸ ನೀರಾಗಿತ್ತು ಅಂತ ನಾಕು ಜನ ಆಡ್ಕಂಬೇಕು. ಅಂಗೆ ಆಡ್ಕಂಡ್ರೇನೇ ಮದ್ವೆ ಆತು ಅಂತ.”

ಮತ್ತೆ ದನಿ ತಗ್ಗಿಸಿ ಹೇಳಿದಳು. ಬಹಳ ಹಿಂದೆ ಕೊರಟಗೆರೆಯ ಕಡೆ ಸಿರಿವಂತರ ಮದುವೆಗೆ ಬೆಣ್ಣೆ ಹೊತ್ತುಕೊಂಡು ಹೋಗಿದ್ದಳಂತೆ. ಅಡಿಗೆ ಅದೇ ಭಟ್ಟರದು. ಎಲ್ಲರದೂ ಮುಗಿದ ಮೇಲೆ ಹಿತ್ತಿಲ ಹುಣಸೆ ಮರದ ಕೆಳಗೆ ಇವಳಿಗೂ ಎಲೆ ಹಾಕಿದರು. ಹುಳಿ ತಣ್ಣಗಾಗಿತ್ತು, ಒಬ್ಬಟ್ಟು ಮುಗಿದಿತ್ತು.

“ಆ ಅಡಿಗೇನ ಬಿಸಿಬಿಸಿ, ಮೊದಲ್ನೇ ಪಂಕ್ತೀಲಿ ಕುಂತು ಉಣ್ಬೇಕು ಅಂತ ಆಸೆ ಕಣ್ಲಾ. ನಿನ್ ಮದ್ವೇಲಿ ಉಂತೀನಿ ಅಂದ್ಕಂಡಿದ್ದೆ.”

ಆಗ ನನಗೆ ಹೊಳೆದದ್ದು ಮಧುಗಿರಿಯ ಹೋಟೆಲು. ತತ್ತ್ವಕ್ಕೂ ಭಂಗವಿಲ್ಲ, ಅಜ್ಜಿಯ ಆಸೆಗೂ ಭಂಗವಿಲ್ಲ. ಅಜ್ಜಿಗೆ ಅನುಮಾನ: “ಚೀಟಿ ಕೊಟ್ಟು ಉಣ್ಣಾದು ಮದ್ವೆ ಊಟ ಆಯ್ತದೇನ್ಲಾ?” ಕೊನೆಗೆ ತೀರ್ಪನ್ನು ಕಾದಿರಿಸಿದಳು: “ನೋಡಾಣ. ಉಂಡಾದ್ಮೇಲೆ ಹೇಳ್ತೀನಿ.”

ಹೀಗೆ ನಾನು ಮನೆಯೊಳಗೋ ಹೊರಗೋ ಎಂಬುದು ಒಂದು ಹೋಟೆಲಿನ ಊಟದ ಮೇಲೆ ನಿಂತಿತು.

ಗೊತ್ತಾದ ದಿನ ಮಧುಗಿರಿಯ ಕಚೇರಿಯಲ್ಲಿ ಸಹಿಗಳಾದವು. ಸಾಕ್ಷಿಗಳಾದ ಮೂವರು ಗೆಳೆಯರು, ಹುಡುಗಿಯ ತಂದೆ, ಅಜ್ಜಿ, ನಾವಿಬ್ಬರು, ಇಷ್ಟೇ ದಿಬ್ಬಣ. ಹೋಟೆಲಿನ ಬಾಗಿಲು ತೆರೆಯುವ ಮೊದಲೇ ಅಜ್ಜಿ ಮೆಟ್ಟಿಲ ಮೇಲಿದ್ದಳು. ಒಳಗೆ ಎದುರುಬದುರು ಉದ್ದನೆಯ ಬೆಂಚುಗಳು, ಮುತ್ತುಗದ ಎಲೆಗಳು. ಅಜ್ಜಿ ಮೊದಲನೇ ಸಾಲಿನ ಮೊದಲನೇ ಎಲೆಯ ಮುಂದೆ ಕುಳಿತಳು. ಅವಳ ಪಕ್ಕಕ್ಕೆ ಒಬ್ಬ ವಕೀಲರ ಗುಮಾಸ್ತ. ಅವನ ಎಲೆಗೆ ಅನ್ನ, ಹುಳಿ ಬಿದ್ದವು. ಅವನು ಕಲಸಿ ತುತ್ತೆತ್ತಿದ.

“ಅಯ್ಯಾ, ಕೈ ಇಳ್ಸು! ಎಲ್ಲಾ ಎಲೆಗೂ ಬಿದ್ದಿಲ್ಲ.”

ಗುಮಾಸ್ತ ಬೆಚ್ಚಿದ. “ಕೋರ್ಟಿಗೆ ಹೊತ್ತಾಯ್ತದೆ ಅಜ್ಜಿ.”

“ನಿಮ್ ಕೋರ್ಟಾಗೆ ತಾತ ಹಾಕಿದ್ ಕೇಸ್ನ ಮೊಮ್ಮಗ ನಡುಸ್ತಾನೆ. ಒಂದು ಗಳ್ಗೆ ತಡ್ದ್ರೆ ಏನ್ ಮುಳುಗೋಗ್ತದೆ?”

ಸಾಲಿಗೆ ಸಾಲೇ ನಕ್ಕಿತು. ಬಡಿಸುವವನು ಸಮಾಧಾನ ಹೇಳಲು ಬಂದ. “ಅಜ್ಜಿ, ಇದು ಹೋಟ್ಲು. ಕುಂತೋರು ಕುಂತಂಗೇ ಉಂಡ್ಕಂಡು ಎದ್ದು ಹೋಯ್ತಾರೆ.”

“ನಿಂಗೆ ಹೋಟ್ಲು. ನಂಗೆ ಮದ್ವೆಮನೆ. ನೋಡು, ಅಲ್ಲವ್ರೆ ಗಂಡು ಹೆಣ್ಣು.”

ಸಭೆಯಲ್ಲಿದ್ದವರೆಲ್ಲ ನಮ್ಮ ಕಡೆಗೆ ತಿರುಗಿದರು. ಸರಳತೆಯ ಪರವಾಗಿ ಎಷ್ಟೋ ವೇದಿಕೆಗಳಲ್ಲಿ ಗುಡುಗಿದ್ದ ನನಗೆ ಆ ಕ್ಷಣ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ನನ್ನ ಹೆಂಡತಿ ಮಾತ್ರ ಆರಾಮವಾಗಿ ಎಲ್ಲರಿಗೂ ಕೈ ಮುಗಿದಳು.

ಗದ್ದಲ ಕೇಳಿ ಭಟ್ಟರೇ ಪಂಚೆಗೆ ಕೈ ಒರೆಸುತ್ತ ಈಚೆಗೆ ಬಂದರು. ಅಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹುಳಿ ಭಟ್ರು ಅಂದ್ರೆ ನೀವೇನಾ ಸ್ವಾಮಿ?”

“ಜನ ಹಾಗಂತಾರಮ್ಮ.”

“ನಿಮ್ ಹುಳೀನ ಒಂದ್ಸಲ ಉಂಡಿದ್ದೆ. ತಣ್ಣಗಿತ್ತು.”

ಜಮೀನ್ದಾರರನ್ನೂ ಮರುಮಾತಾಡದಂತೆ ಮಾಡಬಲ್ಲ ಮನುಷ್ಯ ಕೆರಳಿದವರಂತೆ ಕೇಳಿದರು: “ನನ್ನ ಹುಳಿ? ಎಲ್ಲಿ?”

“ಹಿತ್ಲಾಗೆ, ಹುಣ್ಸೆ ಮರದ ಬುಡ್ದಾಗೆ. ಕೊನೇ ಪಂಕ್ತಿ.”

ಭಟ್ಟರು ಬಡಿಸುವವನ ಕೈಯಿಂದ ಹುಳಿಯ ಬಕೆಟ್ಟನ್ನು ತಾವೇ ತೆಗೆದುಕೊಂಡರು. “ಇವತ್ತು ಬಿಸಿಯಾಗಿದೆ, ಉಣ್ಣಿ ತಾಯಿ. ಏಯ್, ಇದು ಮದುವೆ ಪಂಕ್ತಿಯಂತೆ ಕಣಯ್ಯ. ಲಿಮಿಟ್ಟು ಗಿಮಿಟ್ಟು ಅನ್ನಬೇಡ, ಕೇಳಿ ಕೇಳಿ ಬಡಿಸು.”

ಕೊನೆಯ ಎಲೆಗೂ ಅನ್ನ ಬಿದ್ದ ಮೇಲೆ ಅಜ್ಜಿ ಅಪ್ಪಣೆ ಕೊಟ್ಟಳು. ಎಲ್ಲರೂ ಒಟ್ಟಿಗೆ ಮೊದಲ ತುತ್ತೆತ್ತಿದರು. ಆ ಹುಳಿಯ ಕೀರ್ತಿ ಸುಳ್ಳಲ್ಲವೆಂದು ನನಗೂ ಗೊತ್ತಾಯಿತು: ಹದವಾಗಿ ಹುರಿದ ಕೊತ್ತಂಬರಿ ಬೀಜದ ಘಮ, ನುಗ್ಗೇಕಾಯಿ, ಇಂಗಿನ ಒಗ್ಗರಣೆ. ಸಿಹಿಯಿಲ್ಲದೆ ಮದುವೆಯೇ ಎಂದು ಅಜ್ಜಿ ಕೇಳಿದ್ದಕ್ಕೆ, ಎದುರಿನ ಗಾಡಿಯಿಂದ ಬಾಳೆಹಣ್ಣು ತರಿಸಿ, ಬೆಲ್ಲ ಕಾಯಿತುರಿ ಕಲಸಿ ರಸಾಯನವೂ ಬಂತು. ಅಜ್ಜಿ ತನ್ನ ಊಟ ಮುಗಿಸಿ, ಸಾಲಿನುದ್ದಕ್ಕೂ ನಡೆದು ಒಬ್ಬೊಬ್ಬರನ್ನೂ ಒತ್ತಾಯಿಸಿದಳು. “ಇನ್ನೊಂದ್ ಸೌಟು ಹಾಕಿಸ್ಕಳಪ್ಪ. ನಾಚ್ಕಬ್ಯಾಡ, ನಮ್ಮನೆ ಮದ್ವೆ.” ಕೋರ್ಟಿಗೆ ಹೊತ್ತಾಗಿದ್ದ ಗುಮಾಸ್ತ ಮೂರನೆಯ ಸಲ ಅನ್ನ ಹಾಕಿಸಿಕೊಂಡ. ಯಾವ ಜಾತಿಯವರ ಪಕ್ಕ ಯಾವ ಜಾತಿಯವರು ಕುಳಿತಿದ್ದರೋ ಯಾರೂ ಕೇಳಲಿಲ್ಲ. ತಮ್ಮ ಚೀಟಿಯನ್ನು ತಾವೇ ಕೊಂಡು ಬಂದ ಅತಿಥಿಗಳನ್ನು ನಾನು ಬೇರಾವ ಮದುವೆಯಲ್ಲೂ ಕಂಡಿಲ್ಲ. ನನ್ನ ಭಾಷಣಗಳಲ್ಲಿ ಇಂಥದೊಂದು ವ್ಯವಸ್ಥೆ ನನಗೆ ಹೊಳೆದಿರಲೂ ಇಲ್ಲ.

ಆದರೆ ಅಜ್ಜಿಯ ತೀರ್ಪು ಇನ್ನೂ ಬಂದಿರಲಿಲ್ಲ. ಶಿರಾದವರೆಗೂ ಬಸ್ಸಿನಲ್ಲಿ ನಿದ್ದೆ ಮಾಡಿದಳು. ಅಲ್ಲಿ ಬಸ್ಸು ಬದಲಿಸಿದ ಮೇಲೆ ನನ್ನ ಹೆಂಡತಿಯ ಭುಜಕ್ಕೆ ತಲೆ ಕೊಟ್ಟು ಮತ್ತೆ ಮಲಗಿದಳು. ನಾನು ಕೇಳಲು ಧೈರ್ಯ ಮಾಡಲಿಲ್ಲ.

ಮನೆಯ ಬಾಗಿಲಿಗೆ ಅಡ್ಡವಾಗಿ ತಂದೆ ನಿಂತಿದ್ದರು. ನಮ್ಮಿಬ್ಬರನ್ನು ನೋಡಲಿಲ್ಲ, ಅಜ್ಜಿಯನ್ನೇ ಕೇಳಿದರು.

“ಹೆಂಗಾತವ್ವ?”

ಅಜ್ಜಿ ಜಗಲಿಯ ಮೇಲೆ ಕುಳಿತು, ಕಾಲು ನೀವಿಕೊಂಡು, ಎಲೆಯಡಿಕೆಯ ಚೀಲ ಬಿಚ್ಚಿದಳು.

“ಹುಳಿಗೆ ಉಪ್ಪು ಒಂಚೂರು ಕಮ್ಮಿ ಕಣ್ಲಾ. ರಸಾಯನ್ದಾಗೆ ಏಲಕ್ಕಿ ಅನ್ನಾದೇ ಇಲ್ಲ. ಏನ್ ಭಟ್ರೋ ಏನೋ, ಹೆಸ್ರು ಮಾತ್ರ ದೊಡ್ದು!”

ಉಪ್ಪು ಸರಿಯಾಗಿಯೇ ಇತ್ತು. ನಾನು ಆಕ್ಷೇಪವೆತ್ತಲು ಬಾಯಿ ತೆರೆದೆ. ಹೆಂಡತಿ ನನ್ನ ಕೈ ಚಿವುಟಿದಳು. ಅಷ್ಟರಲ್ಲಿ ತಂದೆಯ ಮುಖ ಸಡಿಲವಾಗಿತ್ತು. ಅವರು ಬಾಗಿಲಿನಿಂದ ಪಕ್ಕಕ್ಕೆ ಸರಿದು ಒಳಗಿದ್ದ ನನ್ನ ತಾಯಿಯನ್ನು ಕೂಗಿದರು:

“ಲೇ, ಮದ್ವೆ ಆಗ್ಬುಟ್ಟೈತೆ ಕಣೆ! ಆರತಿ ತಟ್ಟೆ ತಗಂಬಾ.”